ಕೇತಿಯಲ್ಲಿ ನಾನು ಬರೆದ ಲೆಕ್ಕ

ಭಾಗ 1

ಮೊದಲ ಫೋಟೋದಲ್ಲಿ ಮಂಕಿ ಕ್ಯಾಪ್ ಹಾಕ್ಕೊಂಡು ನಿಂತಿರೋರು ನಮ್ಮಪ್ಪ. ನಗಬೇಡಿ. ಮೇ ತಿಂಗಳ ಹುಬ್ಬಳ್ಳಿಯಿಂದ ನೇರವಾಗಿ ನೀಲಗಿರಿಗೆ ಹೋದ್ರೆ ನೀವೂ ಹಾಕ್ಕೋತೀರಿ.

ಇದು ನಮ್ಮ ಚರ್ಚಿನ ಕುಟುಂಬ ಶಿಬಿರ. ಊಟಿಯಿಂದ ಕೂನೂರಿನ ಕಡೆ ಇಳಿಯುವಾಗ ಸಿಗೋ ಕೇತಿ ಕಣಿವೆಯಲ್ಲಿ ಮೂರು ದಿನ ಇದ್ವಿ. ಮೇನಲ್ಲಿ ಸ್ಟೋರಿ ಹಾಕಿದಾಗ ತುಂಬಾ ಜನ "ಫುಲ್ ಮಜಾ ಅಲ್ವಾ" ಅಂತ ಕೇಳಿದ್ರಿ. ಮಜಾ ಇತ್ತು. ಆದ್ರೆ ಸ್ಟೋರಿಗೆ ಹಾಕದೇ ಬಿಟ್ಟಿದ್ದೂ ಒಂದಿತ್ತು. ಅದನ್ನ ಬರೀಲಾ ಅಂತ ಅಪ್ಪನ್ನ ಕೇಳಿದೆ. "ಹೆಸರು ಹಾಕಬ್ಯಾಡ. ಮಾರಿ ಹೆಂಗೂ ಟೊಪಗಿಯೊಳಗ ಕಾಣೂದಿಲ್ಲ" ಅಂದ್ರು.

ನಿಜ ಹೇಳಬೇಕಂದ್ರೆ ನನಗೆ ಹೋಗೋ ಮನಸ್ಸೇ ಇರ್ಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಕ್ಲಾಸಿನವರು ಗೋವಾಕ್ಕೆ ಹೊರಟಿದ್ರು, ತಲೆಗೆ 6,500. ಅಪ್ಪ "ಈ ಸಲ ಬ್ಯಾಡವಾ" ಅಂದ್ರು, ಕಾರಣ ಹೇಳಲಿಲ್ಲ. ನಾನು ಒಂದು ವಾರ ಮಾತು ಬಿಟ್ಟೆ. ಆಮೇಲೆ ಅವರೇ ಕ್ಯಾಂಪಿನ ಫಾರ್ಮ್ ತಂದು ಟೇಬಲ್ ಮೇಲಿಟ್ಟು, "ಎಲ್ಲಾರೂ ಕೂಡೇ ಹೋಗೂಣು" ಅಂದ್ರು. ಗೋವಾ ಬದಲು ಬೈಬಲ್ ಸ್ಟಡಿ. ನನ್ನ ಮುಖ ಹೇಗಿತ್ತು ಅಂತ ನೀವೇ ಊಹಿಸಿ.

ರಾತ್ರಿ ಎರಡು ಬಸ್ ಹೊರಟವು. ಮಡಿಲಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಹಿಂದಿನ ಸೀಟುಗಳಲ್ಲಿ ಐದು ಜನರ ಒಂದು ಮನೆಯವರು ಸ್ವಲ್ಪ ಜಾಗ ಜಾಸ್ತಿ ಹಿಡಿದು ಮಲಗಿದ್ರು. ಅವರ ಖರ್ಚನ್ನ ಚರ್ಚಿನ ನೆರವು ನಿಧಿಯಿಂದ ಕೊಟ್ಟಿದ್ದಾರೆ ಅಂತ ನನಗೆ ಗೊತ್ತಿತ್ತು. ಯಾಕಂದ್ರೆ ನಮ್ಮಪ್ಪ ಕಮಿಟಿಯಲ್ಲಿದ್ದಾರೆ, ಮನೆಯಲ್ಲಿ ಕಿವಿಗೆ ಬೀಳುತ್ತೆ. ನಾನು ಪಕ್ಕದ ಗೆಳತಿಗೆ "ಫಂಡಿನ್ಯಾಗ ಬರೋರಿಗೆ ಸೀಟೂ ಎಕ್ಸ್‌ಟ್ರಾ ಬೇಕು ನೋಡು" ಅಂದೆ. ಅಪ್ಪ ನಮ್ಮ ಮುಂದಿನ ಸೀಟಿನಲ್ಲೇ ಇದ್ರು. ತಿರುಗಲಿಲ್ಲ. ನಿದ್ದೆ ಬಂದಿರಬೇಕು ಅಂದ್ಕೊಂಡೆ.

ಭಾಗ 2

ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಾವು ಗೇಟಿಗೆ ಬಂದಾಗ ಇನ್ನೂ ಐದೂ ಆಗಿರಲಿಲ್ಲ. ಲಾರಿಗಳ ಹಿಂದೆ ಸಾಲಾಗಿ ನಿಂತು, ಒಂದೇ ಫ್ಲಾಸ್ಕಿನ ಚಹಾ ಹನ್ನೆರಡು ಜನ ಕುಡಿದ್ವಿ. ಗೇಟ್ ತೆರೆದ ಸ್ವಲ್ಪ ಹೊತ್ತಿಗೆ ಜಿಂಕೆ ಹಿಂಡು ಕಂಡ್ವು. ಇಡೀ ಬಸ್ ಎಡಕ್ಕೆ ವಾಲಿತು, ಅಷ್ಟೂ ಮಕ್ಕಳು ಒಂದೇ ಕಿಟಕಿಗೆ. ತಮಿಳುನಾಡಿನ ಕಡೆ ಇ-ಪಾಸ್ ನೋಡಿದ್ರು. ಪ್ಲಾಸ್ಟಿಕ್ ನೀರಿನ ಬಾಟಲಿ ಮೇಲೆ ತರೋ ಹಾಗಿಲ್ಲ ಅಂತ ಎಲ್ಲ ತಗೊಂಡ್ರು. ಅವ್ವ ಮಾತ್ರ ಸ್ಟೀಲ್ ಬಾಟಲಿ ತಂದಿದ್ಲು, ಊಟಿ ತಲುಪೋವರೆಗೂ ಅದನ್ನ ಹತ್ತು ಸಲ ಹೇಳಿದ್ಲು.

ಕೇತಿ ಚಂದ ಇದೆ. ಗುಡ್ಡಕ್ಕೆ ಮೆಟ್ಟಿಲು ಕಡಿದಂಗೆ ಕ್ಯಾರೆಟ್, ಕೋಸಿನ ಹೊಲ, ಸಣ್ಣ ಸ್ಟೇಷನ್, ಅದರಲ್ಲಿ ನೀಲಿ ಬಣ್ಣದ ಊಟಿ ರೈಲು. ಆದ್ರೆ ನನಗೆ ಆಶ್ಚರ್ಯ ಆಗಿದ್ದು ಹಾಲು ತರೋ ಅಜ್ಜನ ಮಾತು ಕೇಳಿ. ತಮಿಳು ಅಂದ್ಕೊಂಡಿದ್ದೆ, ಅರ್ಧಕ್ಕರ್ಧ ತಿಳಿಯೋದೇ! ಅವರು ಬಡಗರು. ಬಡಗ ಅಂದ್ರೆ ಬಡಗು ದಿಕ್ಕಿನಿಂದ, ಅಂದ್ರೆ ನಮ್ಮ ಕಡೆಯಿಂದ ಬಂದವರು. ಊರಿಗೆ ಹಟ್ಟಿ ಅಂತಾರೆ.

ಅವತ್ತು ಸಂಜೆ ಅಯ್ಯನವರು, ಅಂದ್ರೆ ನಮ್ಮ ಪಾಸ್ಟರ್, ಹೇಳಿದ ಕಥೆ: ಕ್ಯಾಸಮೇಜರ್ ಅಂತ ಒಬ್ಬ ನಿವೃತ್ತ ಇಂಗ್ಲಿಷ್ ಅಧಿಕಾರಿ ಇಲ್ಲೇ ಕೇತಿಯಲ್ಲಿ ಇದ್ನಂತೆ. ಕನ್ನಡ ಕಲಿತ, ಬಡಗರ ಮಕ್ಕಳಿಗೆ ಶಾಲೆ ತೆಗೆದ. ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದಿದ್ದು 1846ರಲ್ಲಿ. 1849ರಲ್ಲಿ ಆತ ಸತ್ತಾಗ ಆಸ್ತಿಯನ್ನ ಅವರಿಗೇ ಬರೆದಿಟ್ಟಿದ್ದ. ಲೂಕನ ಸುವಾರ್ತೆ ಬಡಗ ಮಾತಿನಲ್ಲಿ ಅಚ್ಚಾದಾಗ ಬಳಸಿದ್ದು ಕನ್ನಡ ಅಕ್ಷರ. ಇಷ್ಟು ಕೇಳಿದ್ದೇ ಅಪ್ಪ ಎದ್ದು ಕೂತ್ರು. ಅವರದು ಸಣ್ಣ ಪ್ರಿಂಟಿಂಗ್ ಪ್ರೆಸ್, ಲಗ್ನಪತ್ರಿಕೆ, ಬಿಲ್ ಬುಕ್ ಮಾಡ್ತಾರೆ. "ಮೊಳೆ ಎಲ್ಲಿಂದ ತಂದಿದ್ರು, ಮಂಗಳೂರಿಂದನಾ?" ಅಂತ ಊಟದ ಸಾಲಿನಲ್ಲೂ ಅಯ್ಯನವರನ್ನ ಬಿಡಲಿಲ್ಲ. ಅಪ್ಪ ಅಷ್ಟು ಖುಷಿಯಾಗಿದ್ದನ್ನ ನಾನು ನೋಡಿ ಬಹಳ ದಿನ ಆಗಿತ್ತು. ಯಾಕೆ ಅಂತ ಆಗ ಯೋಚಿಸಲಿಲ್ಲ.

ಭಾಗ 3

ಎರಡನೇ ದಿನ ಮಧ್ಯಾಹ್ನ ಮಳೆ. ಆಟ ಕ್ಯಾನ್ಸಲ್. ಸೆಕ್ರೆಟರಿ ಅಂಕಲ್ ನನ್ನ ಹಿಡಿದ್ರು. "ನೀ ಬಿಕಾಂ ಅಲ್ಲೇನವಾ? ಬಾ ಇಲ್ಲೆ" ಅಂತ ಒಂದು ಫೈಲು, ಒಂದು ರಿಜಿಸ್ಟರ್, ಕ್ಯಾಲ್ಕುಲೇಟರ್ ಕೊಟ್ರು. ತರಕಾರಿ, ಗ್ಯಾಸ್, ಹಾಲು, ಬಸ್ ಅಡ್ವಾನ್ಸ್. ಖರ್ಚಿನ ಕಡೆ ಮುಗಿಸಿ ಜಮಾ ಕಡೆ ಬಂದೆ. ದೊಡ್ಡವರಿಗೆ 2,400, ಹದಿನೈದರ ಒಳಗಿನವರಿಗೆ 1,200. ಮನೆ ಮನೆ ಹೆಸರು ಓದ್ತಾ ಬರೀತಿದ್ದೆ.

ನಮ್ಮ ಹೆಸರು ಬಂತು. ನಾವು ಮೂರು ಜನ, ತಮ್ಮ ಒಬ್ಬ, ಒಟ್ಟು 8,400. ಕೊಟ್ಟಿದ್ದು 3,400. ಉಳಿದ 5,000ದ ಮುಂದೆ "ನೆರವು ನಿಧಿ" ಅಂತ ಇತ್ತು.

ತಪ್ಪಾಗಿ ಬರೆದಿರಬೇಕು ಅಂತ ಫೈಲಿನಲ್ಲಿ ರಸೀದಿ ಹುಡುಕಿದೆ. ಅದರ ಹಿಂದೆ ಅರ್ಜಿ ಪಿನ್ ಮಾಡಿತ್ತು. ಅಕ್ಷರ ಅಪ್ಪನದೇ. ಇಷ್ಟು ವರ್ಷ ಬೇರೆಯವರ ಅರ್ಜಿಗೆ ಸಹಿ ಹಾಕ್ತಿದ್ದವರು.

ಬಸ್ಸಿನಲ್ಲಿ ನಾನು ಆಡಿದ ಮಾತು ನೆನಪಾಯ್ತು. ಹೊಟ್ಟೆಯಲ್ಲಿ ಏನೋ ಕಲಸಿದಂಗೆ. ಬರೆದೆ, 3,400 ಒಂದು ಕಾಲಮ್‌ಗೆ, 5,000 ಇನ್ನೊಂದಕ್ಕೆ. ಆ ಐದು ಜನರ ಮನೆಯ ಸಾಲು ನಮ್ಮದರ ಕೆಳಗೇ ಇತ್ತು.

ಸಂಜೆ "ಕುಟುಂಬ ಸಮಯ". ಪ್ರತಿ ಮನೆಯವರೂ ಬೇರೆ ಬೇರೆ ಕೂತು, ಮನೆಯಲ್ಲಿ ಯಾವತ್ತೂ ಕೇಳದ ಒಂದು ಪ್ರಶ್ನೆ ಕೇಳಬೇಕು. ತಮ್ಮ "ನಾಯಿ ಯಾಕ ಸಾಕಬಾರದು" ಅಂದ. ಅರ್ಧ ಗಂಟೆ ಅದರಲ್ಲೇ ಹೋಯ್ತು. ನನಗೆ ಬಾಯಿ ಬರಲಿಲ್ಲ.

ಬಂದಿದ್ದು ರಾತ್ರಿ, ಪಾತ್ರೆ ತೊಳೆಯೋ ಹತ್ರ. ಆವತ್ತು ನಮ್ಮ ಮನೆ ಪಾಳಿ. ಬೆರಳು ಮರಗಟ್ಟೋ ನೀರು.

"ಅಪ್ಪಾ, ರಿಜಿಸ್ಟರ್ ನಾನ ಬರದೆ."

ಅಪ್ಪ ತೊಳೆದ ತಾಟನ್ನೇ ಮತ್ತೆ ತೊಳೆದ್ರು. ಆಮೇಲೆ ಕೇಳಿದ್ರು, "ಟೋಟಲ್ ಕೂಡ್ತೇನು?"

"ಕೂಡ್ತು."

"ಹ್ಞೂಂ. ನಿಮ್ಮವ್ವಗ ಗೊತ್ತೈತಿ. ನಿಮಗ ಹೇಳಿರಲಿಲ್ಲ."

ಲಗ್ನಪತ್ರಿಕೆ ಈಗ ಎಲ್ಲರೂ ಫೋನಿನಲ್ಲೇ ಡಿಸೈನ್ ಮಾಡಿ ವಾಟ್ಸಾಪ್‌ಗೆ ಬಿಡ್ತಾರೆ. ಅಚ್ಚು ಹಾಕಿಸೋರು ದೇವರ ಮುಂದೆ ಇಡೋಕೆ, ಹಿರಿಯರಿಗೆ ಕೊಡೋಕೆ ಅಂತ ಐವತ್ತು ಹಾಕಿಸ್ತಾರೆ. ನಾನೂ ಅಕ್ಕನ ಸೀಮಂತಕ್ಕೆ ಅಂಥದ್ದೇ ಒಂದು ಮಾಡಿ ಅಪ್ಪನಿಗೆ ತೋರಿಸಿದ್ದೆ, ಚಂದ ಐತಿ ಅಂದಿದ್ರು. (ಅಕ್ಕ ಅಂದ್ರೆ ದೊಡ್ಡಪ್ಪನ ಮಗಳು.)

"ಬಸ್ಸಿನ್ಯಾಗ ನಾ ಅಂದಿದ್ದು ಕೇಳ್ಸಿತ್ತಾ?"

"ನೀರು ಬಂದ್ ಮಾಡು, ಸುಮ್ನ ಹರೀಲಿಕ್ಕತ್ತೈತಿ" ಅಂದ್ರು. ಕೇಳ್ಸಿತ್ತು ಅಂತ ಅರ್ಥ.

ಭಾಗ 4

ವಾಪಸ್ ಬರುವಾಗ ಆ ಮನೆಯ ಸಣ್ಣ ಹುಡುಗಿ ನನ್ನ ಮಡಿಲಲ್ಲೇ ಮಲಗಿದ್ಲು. ಸಾರಿ ಕೇಳೋದು ಹೇಗೆ ಹೇಳಿ, ಅವರಿಗೆ ನಾನು ಅಂದಿದ್ದು ಗೊತ್ತೇ ಇಲ್ಲ. ಉಳಿದಿದ್ದ ಶೇಂಗಾ ಚಟ್ನಿ ಡಬ್ಬಿ ಅವರಮ್ಮನಿಗೆ ಕೊಟ್ಟೆ. ಅದರಿಂದ ಏನೂ ಸರಿಹೋಗಲಿಲ್ಲ, ಗೊತ್ತು.

ಜೂನ್‌ನಿಂದ ಶನಿವಾರ ಶನಿವಾರ ಪ್ರೆಸ್‌ಗೆ ಹೋಗಿ ಲೆಕ್ಕ ಬರೀತಿದೀನಿ. ಬರಬೇಕಾದ ಬಾಕಿ ಕೂಡಿದ್ರೆ 31,000 ದಾಟಿತು. ಅಪ್ಪ ಯಾರನ್ನೂ ಕೇಳಿಲ್ಲ, ನಾಚಿಕೆ ಅಂತೆ. ನಾನೇ ಒಬ್ಬೊಬ್ಬರಿಗೂ ಮೆಸೇಜ್ ಹಾಕಿದೆ. ಕೆಲವರು ಬ್ಲಾಕ್ ಮಾಡಿದ್ರು! ಮೊನ್ನೆ ಒಬ್ರು 1,500 ಕಳಿಸಿದ್ರು.

ಅದನ್ನ ಮೊದಲು ನೆರವು ನಿಧಿಗೆ ಕಟ್ಟಬೇಕು ಅಂತ ಅಪ್ಪ. ಅದು ಸಾಲ ಅಲ್ಲ, ವಾಪಸ್ ಕೊಡಬೇಕಿಲ್ಲ, ಮೊದಲು ಕಾಗದದ ಅಂಗಡಿ ಬಾಕಿ ತೀರಿಸೋಣ ಅಂತ ನಾನು. ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ಇದೇ ಜಗಳ. 1,500 ಇನ್ನೂ ಗಲ್ಲಾದಲ್ಲೇ ಇದೆ.