ಹೊಸಹಳ್ಳಿಯ ಪೆನ್‌ಡ್ರೈವ್, ನಮ್ಮ ಲಿನಕ್ಸ್

ನಮ್ಮ ಕಾನಹೊಸಹಳ್ಳಿ ಕಡೆ ಕಂಪ್ಯೂಟರ್ ಅಂದರೆ ವಿಂಡೋಸ್. ಎರಡಕ್ಕೂ ವ್ಯತ್ಯಾಸ ಇದೆ ಅಂತ ಯಾರೂ ತಲೆ ಕೆಡಿಸಿಕೊಂಡಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡರೆ ಅಂಗಡಿಯವರೇ ‘ಒಎಸ್ ಹಾಕಿ’ ಕೊಡುತ್ತಾರೆ. ಅದಕ್ಕೆ ಲೈಸೆನ್ಸ್ ಇರುವುದಿಲ್ಲ, ಕ್ರ್ಯಾಕ್ ಮಾಡಿರುತ್ತಾರೆ. ಕ್ರ್ಯಾಕ್ ಮಾಡುವ ಸಾಫ್ಟ್‌ವೇರ್ ಓಡಬೇಕಾದರೆ ಮೊದಲು ಆಂಟಿವೈರಸ್ ಆಫ್ ಮಾಡಬೇಕು. ಅಪ್‌ಡೇಟ್ ಆದರೆ ಕ್ರ್ಯಾಕ್ ಹಾರಿಹೋಗುತ್ತದೆ ಎಂಬ ಭಯಕ್ಕೆ ಅಪ್‌ಡೇಟನ್ನೂ ನಿಲ್ಲಿಸಿರುತ್ತಾರೆ. ಪತ್ರಿಕೋದ್ಯಮ ಓದಿ ಊರಿಗೆ ಬಂದಾಗ ನಮ್ಮ ಮೂವರ ಕೈಯಲ್ಲಿದ್ದ ಲ್ಯಾಪ್‌ಟಾಪ್‌ಗಳೂ ಇಂಥವೇ.

ಇನ್ನು ಫೈಲ್‌ಗಳ ಓಡಾಟ ನಡೆಯುವುದು ಪೆನ್‌ಡ್ರೈವ್‌ನಲ್ಲಿ. ಒಂದೇ ಪೆನ್‌ಡ್ರೈವ್ ಪಂಚಾಯ್ತಿಗೆ, ಶಾಲೆಗೆ, ಜೆರಾಕ್ಸ್ ಅಂಗಡಿಗೆ, ಮದುವೆ ಫೋಟೊ ಸ್ಟುಡಿಯೊಗೆ ಹೋಗಿ ಬರುತ್ತದೆ. ಸಂತೆಗೆ ಹೋದ ದನ ಕಾಲುಬಾಯಿ ಬೇನೆ ತಂದ ಹಾಗೆ ಅದೂ ಏನಾದರೊಂದು ಹೊತ್ತು ತರುತ್ತದೆ.

ಒಮ್ಮೆ ನಾವು ಉದ್ಯೋಗ ಖಾತ್ರಿ ಕೆಲಸದ ಬಗ್ಗೆ ವರದಿ ಮಾಡುತ್ತಿದ್ದೆವು. ಹೂಳೆತ್ತಲು ಹೋದ ಹೆಣ್ಣುಮಕ್ಕಳು, ಕೆಲಸಕ್ಕೇ ಬಾರದವರ ಹೆಸರು ಎನ್‌ಎಂಆರ್‌ನಲ್ಲಿ ಹೇಗೆ ಬಂತು ಎಂದು ಬಾಯಿಬಿಟ್ಟು ಹೇಳಿದ್ದರು. “ನಮ್ ಹೆಸರು ಮಾತ್ರ ಬರೀಬ್ಯಾಡ್ರಪ್ಪಾ, ನಾಳಿಗೆ ಕೆಲಸಕ್ಕ ಕರಿಯಂಗಿಲ್ಲ” ಎಂದಿದ್ದರು. ಅವರ ದನಿ, ಫೋನ್ ನಂಬರು, ಜಾಬ್ ಕಾರ್ಡಿನ ಫೋಟೊ ಎಲ್ಲ ಒಂದು ಪೆನ್‌ಡ್ರೈವ್‌ನಲ್ಲಿತ್ತು. ನಮ್ಮ ಗೆಳೆಯನೊಬ್ಬ ಅದರಲ್ಲಿದ್ದ ಬೇರೊಂದು ಅರ್ಜಿಯ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋಗಿ ಬಂದ. ಮನೆಗೆ ಬಂದು ನೋಡಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ನಿಂತಿವೆ, ಒಂದೊಂದೂ ಒಂದೆರಡು ಕೆಬಿ.

ಈ ಶಾರ್ಟ್‌ಕಟ್ ವೈರಸ್ ಹಳ್ಳಿ ಕಡೆ ಯಾರಿಗೆ ಗೊತ್ತಿಲ್ಲ? ಅದು ನಮ್ಮ ಫೈಲ್‌ಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಅದೇ ಹೆಸರಿನ, ಅದೇ ಹಳದಿ ಫೋಲ್ಡರ್ ಚಿತ್ರದ ಶಾರ್ಟ್‌ಕಟ್ ಒಂದನ್ನು ಜಾಗಕ್ಕೆ ಕೂರಿಸುತ್ತದೆ. ನಾವು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಹಿಂದೆಯೇ ಫೋಲ್ಡರ್ ಕೂಡ ತೆರೆಯುತ್ತದೆ. ಹಾಗಾಗಿ ಅನುಮಾನವೇ ಬರುವುದಿಲ್ಲ, ಆ ಕಂಪ್ಯೂಟರಿಗೂ ಅಂಟಿಕೊಳ್ಳುತ್ತದೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಊರಿನ ಹುಡುಗನೊಬ್ಬ ಹಬ್ಬಕ್ಕೆ ಬಂದಿದ್ದ. ಅವನು ತನ್ನ ಉಬುಂಟು ಲ್ಯಾಪ್‌ಟಾಪಿಗೆ ಆ ಪೆನ್‌ಡ್ರೈವ್ ಚುಚ್ಚಿದ. ಎಲ್ಲ ಫೋಲ್ಡರ್‌ಗಳೂ ಇದ್ದ ಹಾಗೇ ಕಂಡವು! ವಿಂಡೋಸ್ ‘ಇದು ಗುಪ್ತ’ ಅಂತ ಹಾಕುವ ಗುರುತಿಗೆ ಲಿನಕ್ಸ್ ಬೆಲೆ ಕೊಡುವುದಿಲ್ಲ. ಶಾರ್ಟ್‌ಕಟ್ ಕೂಡ ಅಲ್ಲಿ ಸತ್ತ ಫೈಲು, ಒತ್ತಿದರೂ ಏನೂ ಆಗುವುದಿಲ್ಲ. ಅವನು ಬೇಕಾದ್ದನ್ನು ಕಾಪಿ ಮಾಡಿ, ಬೇಡದ್ದನ್ನು ಅಳಿಸಿ ಕೊಟ್ಟ. ಹತ್ತು ನಿಮಿಷದ ಕೆಲಸ.

ಫೈಲ್ ಸಿಕ್ಕವು ಅಂತ ಖುಷಿಯಾಯಿತು ನಿಜ. ಆದರೆ ರಾತ್ರಿ ಕೂತು ಮಾತಾಡುವಾಗ ಬೇರೆಯದೇ ಚಿಂತೆ ಶುರುವಾಯಿತು. ವೈರಸ್ಸು ಬಚ್ಚಿಡುವ ಬದಲು ಇನ್ನೊಬ್ಬರಿಗೆ ಕಳಿಸುವಂಥದ್ದಾಗಿದ್ದರೆ? ಕಳೆದುಹೋದರೆ ನಷ್ಟ ನಮಗೆ, ಬೇರೆಯವರ ಕೈಗೆ ಹೋದರೆ ಆ ಹೆಣ್ಣುಮಕ್ಕಳಿಗೆ. ದೊಡ್ಡ ಪತ್ರಿಕೆಗಳ ಕಚೇರಿಯಲ್ಲಿ ಇದನ್ನು ನೋಡಿಕೊಳ್ಳಲು ಜನ ಇರುತ್ತಾರೆ. ಹೋಬಳಿ ಮಟ್ಟದಲ್ಲಿ ಬರೆಯುವವರಿಗೆ ಯಾರಿದ್ದಾರೆ?

ಅಪ್‌ಡೇಟ್ ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದನ್ನು 2017ರ ಮೇ 12ರಂದು ಜಗತ್ತೇ ನೋಡಿತು. ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಲಕ್ಷಾಂತರ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲಿ ಮುಚ್ಚಿತ್ತು. ಅಪ್‌ಡೇಟ್ ಹಾಕದವರೇ ಸಿಕ್ಕಿಬಿದ್ದರು. ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವೂ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು, ಹೊಸ ಪ್ರೊಸೆಸರ್ ಬೇಕು. ನಮ್ಮ ಹಳೇ ಲ್ಯಾಪ್‌ಟಾಪ್‌ಗಳಿಗೆ ಅದು ಅಧಿಕೃತವಾಗಿ ದಕ್ಕುವುದಿಲ್ಲ. ಶೇಂಗಾ ಮಾರಿ ಓದಿಸಿದ ಮನೆಯಲ್ಲಿ ‘ಚಿಪ್ ಹಳೇದಾಯ್ತು, ಹೊಸ ಲ್ಯಾಪ್‌ಟಾಪ್ ಕೊಡಿಸಿ’ ಅಂತ ಕೇಳೋಕಾಗುತ್ತಾ?

ಹಾಗಾಗಿ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಂಡೆವು. ಹಳೇ ಯಂತ್ರಕ್ಕೂ ಹಗುರ, ದುಡ್ಡಿಲ್ಲ, ಕ್ರ್ಯಾಕ್‌ನ ಗೊಡವೆ ಇಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಶುರುಮಾಡಿದ ಕರ್ನಲ್, ಅದಕ್ಕೂ ಮುಂಚೆ 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆ, ಎರಡೂ ಸೇರಿ ಆದ ವ್ಯವಸ್ಥೆ ಇದು. ಸಾಫ್ಟ್‌ವೇರ್ ಬೇಕಾದರೆ ಸಿಕ್ಕ ಸಿಕ್ಕ ಕಡೆಯಿಂದ ಇಳಿಸಿಕೊಳ್ಳುವುದಿಲ್ಲ. ವಿತರಣೆಯವರು ಡಿಜಿಟಲ್ ಸಹಿ ಹಾಕಿಟ್ಟ ಉಗ್ರಾಣದಿಂದಲೇ ಬರುತ್ತದೆ. ವ್ಯವಸ್ಥೆಯನ್ನು ಮುಟ್ಟಬೇಕಾದರೆ ಪಾಸ್‌ವರ್ಡ್ ಕೇಳುತ್ತದೆ.

ಹಾಗಂತ ‘ಲಿನಕ್ಸ್‌ಗೆ ವೈರಸ್ಸೇ ಬರಲ್ಲ’ ಅನ್ನುವುದು ಸುಳ್ಳು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಪುಟ್ಟ ಸಾಫ್ಟ್‌ವೇರ್‌ನಲ್ಲಿ ಕಳ್ಳಗಿಂಡಿ ಸಿಕ್ಕಿತು. ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವರಂತೆ ಕೆಲಸ ಮಾಡಿ, ವಿಶ್ವಾಸ ಗಳಿಸಿ, ಆಮೇಲೆ ಅದನ್ನು ಸೇರಿಸಿದ್ದರು. ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್‌ಗೆ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಅನಿಸಿ ಕೆದಕಿದಾಗ ಬಯಲಾಯಿತು. ತಮಾಷೆ ಅಂದರೆ ಅವರು ಕೆಲಸ ಮಾಡುವುದು ಮೈಕ್ರೋಸಾಫ್ಟ್‌ನಲ್ಲಿ. ಕೋಡ್ ಎಲ್ಲರಿಗೂ ತೆರೆದಿದ್ದರಿಂದ ಹೊರಗಿನವರೊಬ್ಬರು ಹುಡುಕಲಾಯಿತು. ತೆರೆದಿದೆ ಎಂದ ಮಾತ್ರಕ್ಕೆ ಯಾರಾದರೂ ನೋಡುತ್ತಿರುತ್ತಾರೆ ಎಂಬ ಭರವಸೆಯೇನೂ ಇಲ್ಲ ಅನ್ನುವುದೂ ಅಲ್ಲೇ ಗೊತ್ತಾಯಿತು.

ನಮ್ಮನ್ನು ನಿಜವಾಗಿ ಗೋಳು ಹೊಯ್ದುಕೊಂಡಿದ್ದು ವೈರಸ್ ಅಲ್ಲ, ಕನ್ನಡ. ನಾವು ಕಲಿತಿದ್ದು ನುಡಿ. ಕಣ್ಣು ಮುಚ್ಚಿ ಟೈಪ್ ಮಾಡುತ್ತೇವೆ. ಲಿನಕ್ಸ್‌ನಲ್ಲಿ ಐಬಸ್ ಹಾಕಿಕೊಂಡು ಕೆಜಿಪಿ ಕೀಲಿಮಣೆ ಆಯ್ದುಕೊಂಡರೆ ಅದೇ ಕೆ.ಪಿ. ರಾವ್ ವಿನ್ಯಾಸ ಸಿಗುತ್ತದೆ, ಬೆರಳಿಗೆ ಹೊಸ ಪಾಠವೇನಿಲ್ಲ. ತೊಡಕಿರುವುದು ಅಕ್ಷರ ಕೂಡಿಡುವ ರೀತಿಯಲ್ಲಿ. ಹಳೇ ನುಡಿಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಹೋಗಿ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಎಲ್ಲಿ ತೆರೆದರೂ ಕನ್ನಡವೇ. ಆದರೆ ಕೆಲವು ಪತ್ರಿಕೆಗಳ ಪುಟ ಕಟ್ಟುವವರು ಇವತ್ತಿಗೂ ಪೇಜ್‌ಮೇಕರ್ ಬಿಟ್ಟಿಲ್ಲ, “ನುಡಿಲೇ ಕಳ್ಸಣ್ಣಾ” ಅನ್ನುತ್ತಾರೆ. ಪರಿವರ್ತಕಗಳಿವೆ, ಹಾಕಿ ನೋಡಿದೆವು. ಅರ್ಕಾವತ್ತು ಎಗರುತ್ತದೆ, ಒತ್ತಕ್ಷರ ಅಡ್ಡಾಡುತ್ತದೆ. ವರದಿಯಲ್ಲಿ ಒಬ್ಬರ ಹೆಸರಿನ ಒತ್ತು ಬಿದ್ದರೂ ಮಾರನೇ ದಿನ ಫೋನ್ ಬರುತ್ತದೆ. ಪ್ರತಿ ಸಲ ಪರಿವರ್ತಿಸಿದ ಮೇಲೆ ಸಾಲು ಸಾಲು ಓದುವುದು ನಮಗೀಗ ರೂಢಿ.

ಹೀಗೆ ಒದ್ದಾಡುವಾಗ ಹೊಟ್ಟೆಕಿಚ್ಚು ತರಿಸಿದ್ದು ಕಾಸರಗೋಡು. ಕೇರಳ ಸರ್ಕಾರ ಐಟಿ ಅಟ್ ಸ್ಕೂಲ್ ಯೋಜನೆಯಡಿ ಶಾಲೆಗಳಿಗೆ ಲಿನಕ್ಸ್ ತಂದು ವರ್ಷಗಳೇ ಆದವು. ಈಗ ಅದನ್ನು ಕೈಟ್ ನೋಡಿಕೊಳ್ಳುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಗಡಿಯಾಚೆಯ ಕನ್ನಡದ ಹುಡುಗರು ಹೈಸ್ಕೂಲಿನಲ್ಲೇ ಕಲಿಯುವುದನ್ನು ನಾವು ಡಿಗ್ರಿ ಮುಗಿಸಿ, ಯೂಟ್ಯೂಬ್ ನೋಡಿ ಕಲಿತೆವು. ನಮ್ಮಲ್ಲೂ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಸರ್ಕಾರಿ ಹೈಸ್ಕೂಲು ಶಿಕ್ಷಕರಿಗೆ ಉಬುಂಟು ಕಲಿಸಿತ್ತು. ಆದರೆ ಕೇರಳದ ಹಾಗೆ ಅದು ಎಲ್ಲ ಮಕ್ಕಳ ಪಾಠ, ಪರೀಕ್ಷೆಯ ತನಕ ಬರಲಿಲ್ಲ.

ಊರಿನ ಎಲ್ಲರಿಗೂ ‘ನೀವೂ ಬದಲಾಯಿಸಿ’ ಎಂದು ನಾವು ಹೇಳುವುದಿಲ್ಲ. ಸೇವಾ ಕೇಂದ್ರ ನಡೆಸುವ ಗೆಳೆಯನಿಗೆ ತೋರಿಸಿದೆವು. “ಹೆಬ್ಬೆಟ್ಟು ತಗಳೋ ಮಷೀನ್ ಇದ್ರಾಗ ನಡೀತತೇನು?” ಅಂದ. ಅವನ ಬೆರಳಚ್ಚು ಯಂತ್ರದ ಸಾಫ್ಟ್‌ವೇರ್ ಇರುವುದು ವಿಂಡೋಸಿಗೆ, ಆಂಡ್ರಾಯ್ಡಿಗೆ. ಅದಿಲ್ಲದೆ ಅವನ ಕೆಲಸ ಒಂದು ದಿನವೂ ನಡೆಯುವುದಿಲ್ಲ. ಅವನಿಗೆ ನಾವು ಹೇಳಿದ್ದು ಒಂದೇ, ಲೈಸೆನ್ಸ್ ಇರುವ ವಿಂಡೋಸ್ ತಗೋ, ಅಪ್‌ಡೇಟ್ ಆಗಲು ಬಿಡು. ಸರ್ಕಾರದ ಕೆಲಸ ನಡೆಯುವ ಕಡೆಯೇ ಹೀಗಾದರೆ, ತೆರೆದ ತಂತ್ರಾಂಶ ಬಳಸಬೇಕು ಎಂದು ಕೇಂದ್ರ ಸರ್ಕಾರ 2015ರಲ್ಲಿ ಮಾಡಿದ ನೀತಿ ಯಾವ ಕಡತದಲ್ಲಿ ಮಲಗಿದೆಯೋ.

ಹೇಳಬೇಕಾದ್ದು ಇನ್ನೊಂದಿದೆ. ಲಿನಕ್ಸ್ ತುಂಬಿದ ಪೆನ್‌ಡ್ರೈವ್‌ನಿಂದ ಎಷ್ಟೋ ಕಂಪ್ಯೂಟರ್‌ಗಳನ್ನು ಶುರುಮಾಡಿ, ವಿಂಡೋಸಿನ ಪಾಸ್‌ವರ್ಡ್ ಇಲ್ಲದೆಯೇ ಒಳಗಿನ ಫೈಲ್ ಓದಬಹುದು. ನಮ್ಮ ಕೈಗೆ ಬಂದ ಈ ವಿದ್ಯೆ ಬೇರೆಯವರಿಗೂ ಗೊತ್ತಿರುತ್ತದಲ್ಲ? ತಡೆಯಬೇಕೆಂದರೆ ಡಿಸ್ಕ್‌ಗೇ ಗೂಢಲಿಪಿ ಹಾಕಬೇಕು. ಮಿಂಟ್ ಹಾಕುವಾಗಲೇ ಆ ಆಯ್ಕೆ ಬರುತ್ತದೆ, ಒಂದು ಟಿಕ್ ಮಾಡಿ ಉದ್ದನೆಯ ಪಾಸ್‌ವರ್ಡ್ ಕೊಟ್ಟರಾಯಿತು. ಆಮೇಲೆ ಲ್ಯಾಪ್‌ಟಾಪ್ ಆಫ್ ಆಗಿರುವಾಗ ಬಸ್ಸಿನಲ್ಲಿ ಕಳುವಾದರೂ ಒಳಗಿರುವುದು ಯಾರಿಗೂ ಓದಲು ಬಾರದು. ಪಾಸ್‌ವರ್ಡ್ ಮರೆತರೆ ನಮಗೂ ಅಷ್ಟೇ. ಅದಕ್ಕೇ ಅದನ್ನು ಕಾಗದದಲ್ಲಿ ಬರೆದು ಮನೆಯ ಟ್ರಂಕಿನಲ್ಲಿ ಇಟ್ಟಿದ್ದೇವೆ, ಜಮೀನಿನ ಪಹಣಿ ಜೊತೆ.

ಈಗ ಎರಡು ಲ್ಯಾಪ್‌ಟಾಪ್ ಪೂರ್ತಿ ಲಿನಕ್ಸ್. ಮೂರನೆಯದರಲ್ಲಿ ನುಡಿಗೆ, ಪೇಜ್‌ಮೇಕರ್‌ಗೆ ಅಂತ ವಿಂಡೋಸ್ ಉಳಿಸಿದ್ದೇವೆ, ಇಂಟರ್ನೆಟ್ ಕೊಟ್ಟಿಲ್ಲ. ಜೆರಾಕ್ಸ್ ಅಂಗಡಿಗೆ ಬೇರೆಯದೇ ಪೆನ್‌ಡ್ರೈವ್, ಅದರಲ್ಲಿ ಪ್ರಿಂಟ್ ಆಗಬೇಕಾದ ಪಿಡಿಎಫ್ ಒಂದೇ ಇರುತ್ತದೆ. ಜನರ ದನಿ ಮೊದಲು ಸೇರುವುದು ಫೋನಿಗೆ, ಅಲ್ಲಿಂದ ವಾಟ್ಸಾಪಿಗೆ. ಅದನ್ನು ಹೇಗೆ ಕಾಯುವುದು ಅಂತ ಈಗ ನಮ್ಮೊಳಗೇ ಜಗಳ ನಡೆದಿದೆ. ಒಬ್ಬರು ಸಿಗ್ನಲ್ ಅನ್ನುತ್ತಾರೆ, ಇನ್ನೊಬ್ಬರು “ಹೂಳೆತ್ತೋ ಅಕ್ಕನ ಫೋನಿಗೆ ಅದನ್ನ ಯಾರು ಹಾಕಿಕೊಡ್ತಾರೆ” ಅನ್ನುತ್ತಾರೆ. ಸದ್ಯಕ್ಕೆ ರೆಕಾರ್ಡಿಂಗ್ ಲ್ಯಾಪ್‌ಟಾಪಿಗೆ ಬಂದ ದಿನವೇ ಫೋನಿನಿಂದ ಅಳಿಸುತ್ತಿದ್ದೇವೆ.