ಟೈಟ್ ಮಾಡೋ ಮುಂಚೆ ಒಂದ್ನಿಮಿಷ

ನನ್ನ ಕಾರಿನ ಹಿಂದಿನ ಎಡಗಡೆಯಿಂದ ಸದ್ದು ಬರಲು ಶುರುವಾಗಿದೆ. ಗಾಂಧಿ ಬಜಾರಿನಿಂದ ಬುಲ್ ಟೆಂಪಲ್ ರಸ್ತೆಗೆ ಬರುವಷ್ಟರಲ್ಲಿ ಸಿಗುವ ಹಂಪುಗಳನ್ನು ಮುಂದಿನ ಚಕ್ರಗಳು ಸುಮ್ಮನೆ ಹತ್ತಿ ಇಳಿಯುತ್ತವೆ. ಹಿಂದಿನದು ಇಳಿಯುವಾಗ ಮಾತ್ರ ‘ಟೊಕ್’ ಅನ್ನುತ್ತದೆ. ಮನೆಯವರ ಪ್ರಕಾರ ಕಾರು ಮಾರುವ ಕಾಲ ಬಂತು. ನನಗೋ ಒಳಗೊಳಗೇ ಖುಷಿ. ಸದ್ದಿಲ್ಲದ ಕಾರಿನ ಕೆಳಗೆ ಭಾನುವಾರ ಬೆಳಿಗ್ಗೆ ತೂರಿಕೊಳ್ಳುವುದಕ್ಕೆ ಮನೆಯಲ್ಲಿ ನೆವ ಹೇಳಬೇಕಾಗುತ್ತದೆ. ಸದ್ದು ಬಂದಮೇಲೆ ಯಾರೂ ಕೇಳುವುದಿಲ್ಲ.

ಸದ್ದಿನ ಜಾಗ ಪತ್ತೆ ಹಚ್ಚುವುದಕ್ಕೆ ನಾನು ನಂಬಿರುವುದು ಲಾಲ್‌ಬಾಗಿನ ಕಾಂಪೌಂಡ್ ಗೋಡೆಯನ್ನು. ವಾಕಿಂಗಿನವರ ಕಾರುಗಳು ಬಂದು ಸಾಲುಗಟ್ಟುವ ಮುಂಚೆ ಹೋಗಬೇಕು. ಎಡಗಡೆಯ ಎರಡೂ ಕಿಟಕಿ ಇಳಿಸಿ, ಗೋಡೆಯ ಪಕ್ಕದಲ್ಲೇ ಎರಡನೇ ಗೇರಿನಲ್ಲಿ ನಿಧಾನವಾಗಿ ಸಾಗಿದರೆ, ಬಯಲಿನಲ್ಲಿ ಚೆದುರಿಹೋಗುವ ಸದ್ದನ್ನು ಗೋಡೆ ಹಿಡಿದು ಕಿವಿಗೇ ವಾಪಸು ಕಳಿಸುತ್ತದೆ. ಷಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಹೋಗಿದ್ದರೆ ಸದ್ದು ಹಿಂದಿನ ಸೀಟಿನ ಬೆನ್ನ ಹಿಂದಿನಿಂದ ಬರುತ್ತದೆ, ಗೋಡೆಗೆ ಅದರ ಸುಳಿವೇ ಇರುವುದಿಲ್ಲ. ಬುಷ್ ಹೋಗಿದ್ದರೆ ನೆಲಮಟ್ಟದಿಂದ ಬರುತ್ತದೆ. ಇನ್ನೂ ಅನುಮಾನವಿದ್ದರೆ ಖಾಲಿ ರಸ್ತೆಯಲ್ಲಿ ನಡಿಗೆಯ ವೇಗದಲ್ಲಿ ಹೋಗುತ್ತಾ ಹ್ಯಾಂಡ್‌ಬ್ರೇಕ್ ಎಳೆಯಿರಿ. ಟೊಕ್. ರಿವರ್ಸಿನಲ್ಲಿ ಬಂದು ಇನ್ನೊಮ್ಮೆ ಎಳೆಯಿರಿ. ಮತ್ತೆ ಟೊಕ್. ಹಿಂದಕ್ಕೂ ಮುಂದಕ್ಕೂ ಆಡುತ್ತಿರುವುದು ಟ್ರೇಲಿಂಗ್ ಆರ್ಮಿನ ಮುಂದಿನ ಬುಷ್ಷೇ ಎಂದು ಬರೆದಿಟ್ಟುಕೊಳ್ಳಿ.

ಕಾರು ಲ್ಯಾನ್ಸರ್ ಸೆಡಿಯಾ. ಹಿಂದೂಸ್ತಾನ್ ಮೋಟಾರ್ಸ್‌ನವರು ಮಿತ್ಸುಬಿಷಿಯ ಜೊತೆ ಸೇರಿ ಚೆನ್ನೈ ಹತ್ತಿರದ ತಿರುವಳ್ಳೂರಿನಲ್ಲಿ 1998ರಿಂದ ಲ್ಯಾನ್ಸರ್ ಮಾಡುತ್ತಿದ್ದರು. ಎರಡು ಲೀಟರ್ ಎಂಜಿನ್ನಿನ ಸೆಡಿಯಾ ಬಂದದ್ದು 2006ರಲ್ಲಿ. ಸುಮಾರು 115 ಅಶ್ವಶಕ್ತಿ, ಇವತ್ತಿನ ಲೆಕ್ಕಕ್ಕೆ ಏನೂ ಅಲ್ಲ. ಆದರೆ ಅದರ ಹಿಂಭಾಗ ನೋಡಬೇಕು! ಊರಿನ ಮುಕ್ಕಾಲು ಪಾಲು ಕಾರುಗಳು ಹಿಂದಿನ ಎರಡು ಚಕ್ರಗಳನ್ನು ಒಂದೇ ತೊಲೆಗೆ ಕಟ್ಟಿಹಾಕಿ ಕೈತೊಳೆದುಕೊಂಡಿದ್ದಾಗ ಇದಕ್ಕೆ ಮಲ್ಟಿಲಿಂಕ್ ಇತ್ತು. ಉದ್ದಕ್ಕೆ ಒಂದು ಟ್ರೇಲಿಂಗ್ ಆರ್ಮ್, ಅಡ್ಡಕ್ಕೆ ಮೇಲೂ ಕೆಳಗೂ ಆರ್ಮ್‌ಗಳು, ಚಕ್ರದ ಟೋ ಹಿಡಿಯುವುದಕ್ಕೆಂದೇ ಒಂದು ತೆಳ್ಳಗಿನ ಲಿಂಕು. ರ‍್ಯಾಲಿಯವರು ಈ ಗಾಡಿಗೆ ಮುಗಿಬಿದ್ದದ್ದು ಸುಮ್ಮನೆ ಅಲ್ಲ. ಚಾರ್ಮಾಡಿಯ ತಿರುವಿನಲ್ಲಿ, ಅರ್ಧ ತಿರುಗಿಸಿದ ಮೇಲೆ ಎದುರಿಗೆ ಹಳ್ಳ ಕಂಡು ಬ್ರೇಕ್ ತುಳಿದರೂ ಹಿಂದಿನ ಚಕ್ರಗಳು ರಸ್ತೆ ಬಿಡುವುದಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಆ ಘಾಟಿ ಇಳಿಯುವ ಸುಖಕ್ಕೇ ನಾನು ಈ ಕಾರನ್ನು ಇನ್ನೂ ಸಾಕಿಕೊಂಡಿರುವುದು.

ಮಲ್ಟಿಲಿಂಕ್ ಅಂದಮೇಲೆ ಬುಷ್ಷುಗಳೂ ಬಹಳ. ಅಲ್ಲಿಂದ ಜಗಳ ಶುರು.

ನನ್ನ ಅಕ್ಕನ ಮಗ ಮಲ್ಲೇಶ್ವರದಲ್ಲಿದ್ದಾನೆ. ಪೋಲೋ ಜಿಟಿ ಇಟ್ಟುಕೊಂಡಿದ್ದಾನೆ. ಪ್ರಪಂಚದ ಸಕಲ ರೋಗಕ್ಕೂ ಅವನಲ್ಲಿ ಒಂದೇ ಔಷಧಿ, ಪಾಲಿಯುರಿಥೇನ್. “ಏನ್ ಮಾಮ, ಇನ್ನೂ ರಬ್ಬರ್ ಹಾಕಿಸ್ತೀಯಾ? ಪಾಲಿ ಹಾಕ್ಸು, ಗಾಡಿ ಕಲ್ಲಿನ ಥರ ಆಗತ್ತೆ” ಅನ್ನುತ್ತಾನೆ. ಕಲ್ಲಿನ ಮೇಲೆ ಕೂತು ಆಫೀಸಿಗೆ ಹೋಗಬೇಕೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅವನ ಪೋಲೋದ ಹಿಂದಿನ ತೊಲೆಗೆ ಇರುವುದೇ ಎರಡು ಬುಷ್ಷು. ಆ ಎರಡು ಬುಷ್ಷಿನ ಮೇಲೆ ಅವನು ಸಿಟಿಆರ್‌ನಲ್ಲಿ ದೋಸೆ ಬರುವ ತನಕ ಉಪನ್ಯಾಸ ಕೊಡಬಲ್ಲ. ಅಲ್ಲಿ ದೋಸೆ ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತಿರುವವರಿಗೆ ಉಪನ್ಯಾಸದ ಉದ್ದವೂ ಗೊತ್ತಾದೀತು.

ಪಾಲಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಾಮಾನ್ಯ ರಬ್ಬರ್ ಬುಷ್ಷಿನ ಗಡಸುತನ ಷೋರ್ ಎ ಅಳತೆಯಲ್ಲಿ 50ರಿಂದ 70ರ ಆಸುಪಾಸು, ಪಾಲಿಯದು 80–95. ಒಂದೇ ದಿಕ್ಕಿನಲ್ಲಿ ಬಾಗಿಲ ಕೀಲಿನಂತೆ ತಿರುಗುವ ಜಾಗಕ್ಕೆ ಅದು ಚೆನ್ನ. ಆದರೆ ಟ್ರೇಲಿಂಗ್ ಆರ್ಮಿನ ಬುಷ್ ಕೀಲಲ್ಲ. ಚಕ್ರ ಮೇಲೆದ್ದಾಗ ಅಡ್ಡ ಆರ್ಮ್‌ಗಳು ಅದನ್ನು ತಮ್ಮ ಕಮಾನಿನಲ್ಲಿ ಎಳೆದುಕೊಳ್ಳುತ್ತವೆ, ಟ್ರೇಲಿಂಗ್ ಆರ್ಮ್ ತನ್ನ ಕಮಾನಿನಲ್ಲಿ ಹೊರಡುತ್ತದೆ. ಈ ಎರಡರ ವ್ಯಾಜ್ಯವನ್ನು ನುಂಗಿಕೊಳ್ಳಬೇಕಾದದ್ದು ಆ ಒಂದು ಬುಷ್. ಅದು ತಿರುಗಬೇಕು, ಓರೆಯಾಗಬೇಕು, ಸ್ವಲ್ಪ ಹಿಂದಕ್ಕೂ ಸರಿಯಬೇಕು. ಅದಕ್ಕೇ ಇಂಥ ಎಷ್ಟೋ ಬುಷ್ಷುಗಳ ರಬ್ಬರಿನಲ್ಲಿ ಎದುರುಬದುರಾಗಿ ಎರಡು ಕಿಂಡಿ ಬಿಟ್ಟಿರುತ್ತಾರೆ. ಕಿಂಡಿ ಇರುವ ದಿಕ್ಕಿಗೆ ಮೆತ್ತಗೆ, ಇಲ್ಲದ ದಿಕ್ಕಿಗೆ ಗಟ್ಟಿ. ಆ ಜಾಗಕ್ಕೆ ಗಟ್ಟಿ ಪಾಲಿ ತುಂಬಿದರೆ ಆರ್ಮೇ ಬಿಗಿದುಕೊಳ್ಳುತ್ತದೆ. ಸ್ಪ್ರಿಂಗು ಮಾಡಬೇಕಾದ ಕೆಲಸಕ್ಕೆ ಬುಷ್ ಅಡ್ಡ ನಿಲ್ಲುತ್ತದೆ. ಹುಡುಗರು ಅದನ್ನೇ ‘ಟೈಟಾಗಿದೆ’ ಎಂದು ಮೆಚ್ಚುತ್ತಾರೆ. ಇನ್ನು ಕೆಲವರು ಕಂಪನಿಯ ಬುಷ್ಷಿನ ಕಿಂಡಿಗೇ ವಿಂಡ್‌ಶೀಲ್ಡ್ ಅಂಟಿಸುವ ಸೀಲೆಂಟ್ ಪಿಚಕಾರಿಯಲ್ಲಿ ತುಂಬಿಸುತ್ತಾರೆ. ಅವರ ವಿಷಯ ಇಲ್ಲಿ ಬೇಡ.

ರಬ್ಬರು ಅಂದರೆ ಖರ್ಚು ಉಳಿಸಲು ಹಾಕಿದ ಸರಕು ಅನ್ನುವ ತಾತ್ಸಾರ ಇದೆಯಲ್ಲ, ಅದು ನನಗೆ ತಡೆಯುವುದಿಲ್ಲ. 1977ರಲ್ಲಿ ಪೋರ್ಶ 928 ಬಂದಾಗ ಅದರ ಹಿಂಭಾಗಕ್ಕೆ ವೈಸಾಖ್ ಆಕ್ಸಲ್ ಹಾಕಿದ್ದರು. ತಿರುವಿನ ಮಧ್ಯೆ ಗಾಬರಿಯಾಗಿ ಆಕ್ಸಲರೇಟರ್ ಬಿಟ್ಟರೆ ಹಿಂದಿನ ಚಕ್ರ ಹೊರಕ್ಕೆ ತಿರುಗಿ ಕಾರು ಬುಗುರಿಯಾಗುವುದು ಆಗಿನ ವೇಗದ ಕಾರುಗಳ ಚಾಳಿ. ಪೋರ್ಶದವರು ಆರ್ಮಿನ ಮುಂದಿನ ಕೀಲಿಗೆ ಲೆಕ್ಕಹಾಕಿ ಸಡಿಲ ಕೊಟ್ಟು, ಅದೇ ಹಿಂದೆಳೆಯುವ ಬಲದಿಂದ ಚಕ್ರ ಒಳಕ್ಕೆ ತಿರುಗುವಂತೆ ಮಾಡಿದರು. ಅಷ್ಟು ದೂರ ಯಾಕೆ, ನನ್ನ ಅಳಿಯನ ಪೋಲೋದ ಹಿರಿಯಣ್ಣ ಗಾಲ್ಫ್ ಎರಡನೇ ತಲೆಮಾರಿಗೆ, 1983ರಲ್ಲಿ, ಹಿಂದಿನ ತೊಲೆಯ ಬುಷ್ಷುಗಳ ಆಕಾರವನ್ನೇ ಬದಲಿಸಿದರು. ತಿರುವಿನಲ್ಲಿ ತೊಲೆ ಪಕ್ಕಕ್ಕೆ ಜರುಗಿದರೆ ಆ ಜರುಗುವಿಕೆಯೇ ಚಕ್ರದ ದಿಕ್ಕನ್ನು ಸರಿಮಾಡಬೇಕು ಎಂಬ ಉಪಾಯ. ಜರ್ಮನಿಯ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಯೋಚಿಸಿ ಇಟ್ಟ ಮೆತ್ತನೆಯನ್ನು, ಇವನು ಒಂದು ಶನಿವಾರ ಮಧ್ಯಾಹ್ನ ಬಿಚ್ಚಿ ಎಸೆದು ಕೆಂಪು ಪ್ಲಾಸ್ಟಿಕ್ ಹಾಕಿಕೊಂಡು ಬಂದಿದ್ದಾನೆ. ಮೊದಲ ಮಳೆಗಾಲಕ್ಕೆ ಗ್ರೀಸು ತೊಳೆದುಹೋಗಿ, ಈಗ ಸಂಪಿಗೆ ರಸ್ತೆಯ ಪ್ರತಿ ಹಂಪಿನ ಮೇಲೂ ಕಿರುಗುಡುತ್ತಾನೆ. ಅಕ್ಕನಿಗೆ ಮಗ ಮನೆಗೆ ಬಂದದ್ದು ಹಾರ್ನ್ ಇಲ್ಲದೆಯೇ ತಿಳಿಯುತ್ತದಂತೆ.

ರೋಸ್ ಜಾಯಿಂಟಿನ ಮೋಹ ನನಗೂ ಇದೆ, ಮುಚ್ಚಿಡುವುದಿಲ್ಲ. ಉಕ್ಕಿನ ಕಣ್ಣೊಳಗೆ ಉಕ್ಕಿನ ಗುಂಡು, ಎತ್ತ ಬೇಕಾದರೂ ಓರೆಯಾಗುತ್ತದೆ, ಕೂದಲೆಳೆಯಷ್ಟೂ ಸಡಿಲವಿಲ್ಲ. ವಿಮಾನದ ಕಂಟ್ರೋಲ್ ರಾಡ್‌ಗಳಲ್ಲಿ ಇರುವುದು ಇದೇ ಕುಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಇಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದ ಪುಣ್ಯಕ್ಕೆ ನಮ್ಮೂರಿನ ಹಳೇ ಬಡಾವಣೆಗಳಲ್ಲಿ ಇಂಥದ್ದನ್ನು ಕೈಯಲ್ಲಿ ಆಡಿಸಿದವರು ಇನ್ನೂ ಸಿಗುತ್ತಾರೆ. ನಮ್ಮ ಬೀದಿಯ ಎಚ್‌ಎಎಲ್ ನಿವೃತ್ತರೊಬ್ಬರಿಗೆ ನಾನು ತಂದ ರಾಡ್ ಎಂಡ್ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಗುಂಡನ್ನು ಹೆಬ್ಬೆರಳಿನಿಂದ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಎಳೀಬಹುದು, ತಳ್ಳಬಹುದು, ಬಗ್ಗಿಸಬಾರದು ಕಣಯ್ಯಾ. ಮರೆಗಳು ಇರೋ ಕಡೆ ಮುರಿಯತ್ತೆ” ಅಂದರು. ಆಮೇಲೆ ನ್ಯಾಟ್ ವಿಮಾನದ ಕಥೆ ಬಂತು, ಕಾಫಿ ಬಂತು, ಮಧ್ಯಾಹ್ನವಾಯಿತು. ಅವರ ಮಾತಿನಂತೆ ನೋಡಿದರೆ ನನ್ನ ಕಾರಿನಲ್ಲಿ ಇದಕ್ಕೆ ನ್ಯಾಯವಾದ ಜಾಗ ಒಂದೇ, ಟೋ ಲಿಂಕು. ಅದಕ್ಕೆ ಎಳೆತ ತಳ್ಳಾಟ ಬಿಟ್ಟರೆ ಬೇರೆ ಹೊರೆ ಇಲ್ಲ. ಮೇಲೊಂದು ರಬ್ಬರಿನ ಟೋಪಿ ಹಾಕದಿದ್ದರೆ ಮೆಟ್ರೋ ಅಗೆದ ರಸ್ತೆಗಳ ದೂಳು ಒಂದೇ ವರ್ಷದಲ್ಲಿ ಒಳಗಿನ ಲೈನರ್ ತಿಂದುಹಾಕುತ್ತದೆ. ಆಮೇಲೆ ಇವತ್ತಿನ ಟೊಕ್ ಎಷ್ಟೋ ಮೇಲು ಅನ್ನಿಸುತ್ತದೆ.

ಹಾಗಾಗಿ ಟ್ರೇಲಿಂಗ್ ಆರ್ಮಿಗೆ ರಬ್ಬರೇ ಬೇಕೆಂದು ಜೆ.ಸಿ. ರಸ್ತೆಗೆ ಹೋದೆ. ಒಂದು ಕಡೆ ರವೀಂದ್ರ ಕಲಾಕ್ಷೇತ್ರ, ಮುಂದಕ್ಕೆ ಹೋದರೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು. ನಾಟಕ ಎರಡೂ ಕಡೆ ನಡೆಯುತ್ತದೆ. “ಆ ಗಾಡಿ ನಿಂತೋಯ್ತಲ್ಲ ಸಾರ್” ಅನ್ನುವುದು ಮೊದಲ ಅಂಕ. “ಬುಷ್ ಬೇರೆ ಬರಲ್ಲ, ಆರ್ಮ್ ಅಸೆಂಬ್ಲಿನೇ ತಗೋಬೇಕು” ಎರಡನೆಯದು. ಎದ್ದು ಹೊರಟಾಗ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಯುತ್ತದೆ. ಪೆಟ್ಟಿಗೆಯ ಮೇಲಿನ ಹೆಸರನ್ನು ನಾನು ನೋಡುವುದಿಲ್ಲ, ಡಬ್ಬಿ ಅಚ್ಚು ಹಾಕುವುದು ಸುಲಭ. ರಬ್ಬರು ಉಕ್ಕಿಗೆ ಸೇರುವ ಅಂಚಿಗೆ ಉಗುರು ಹಾಕುತ್ತೇನೆ. ಉಗುರು ಒಳಗೆ ಹೋಯಿತೆಂದರೆ ಅದು ಬೆಂದು ಅಂಟಿದ್ದಲ್ಲ, ಒಳಕ್ಕೆ ತುರುಕಿದ್ದು. ಮೇಲೆ ತೆಳುವಾದ ಬಿಳಿ ಮಬ್ಬು ಕಂಡರೆ ಹಳೇ ಮಾಲೆಂದು ಕೆಲವರು ಬಿಟ್ಟುಬರುತ್ತಾರೆ. ಬಿರುಕು ತಡೆಯಲೆಂದು ರಬ್ಬರಿಗೆ ಬೆರೆಸಿದ ಮೇಣ ಮೇಲೆ ಬಂದರೂ ಹಾಗೇ ಕಾಣುತ್ತದೆ, ಒರೆಸಿ ನೋಡಬೇಕು. ಬಗ್ಗಿಸಿದಾಗ ಗೀರು ಬಾಯಿಬಿಟ್ಟರೆ ಮಾತ್ರ ಬೇಡ. ಶಿವಾಜಿನಗರದ ಗುಜರಿಯಲ್ಲಿ ಪೂರ್ತಿ ಆರ್ಮೇ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಬುಷ್ಷಿಗೂ ನನ್ನ ಬುಷ್ಷಿನಷ್ಟೇ ವಯಸ್ಸು.

ಇಷ್ಟೆಲ್ಲ ಆರಿಸಿ ತಂದದ್ದನ್ನು ಹಾಳು ಮಾಡುವುದಕ್ಕೆ ಹತ್ತು ನಿಮಿಷ ಸಾಕು. ಅದನ್ನು ನಾನು ಎಷ್ಟು ಗ್ಯಾರೇಜುಗಳಲ್ಲಿ ಕಂಡಿದ್ದೇನೋ. ಕಾರು ಎರಡು ಕಂಬದ ಲಿಫ್ಟಿನ ಮೇಲೆ ಎತ್ತರಕ್ಕೆ ಹೋಗಿರುತ್ತದೆ, ಚಕ್ರಗಳು ಜೋತುಬಿದ್ದಿರುತ್ತವೆ, ಆರ್ಮ್‌ಗಳು ಕೆಳಮುಖವಾಗಿರುತ್ತವೆ. ಹುಡುಗ ಬುಷ್ ಕೂರಿಸಿ, ಬೋಲ್ಟ್ ತೂರಿಸಿ, ಗಾಳಿ ಗನ್ನಿನಲ್ಲಿ ಟರ್ರ್ ಅನ್ನಿಸಿ ಬಿಗಿದುಬಿಡುತ್ತಾನೆ. ಮುಗಿಯಿತು. ಒಳಗಿನ ಕೊಳವೆ ಬೋಲ್ಟಿನ ಹಿಡಿತಕ್ಕೆ ಸಿಕ್ಕಿತು, ಹೊರಗಿನ ಬಳೆ ಆರ್ಮಿನ ಜೊತೆ ಹೋಯಿತು, ರಬ್ಬರು ಎರಡಕ್ಕೂ ಅಂಟಿಕೊಂಡಿದೆ. ಆರ್ಮಿನ ಉದ್ದ 400 ಮಿ.ಮೀ., ಚಕ್ರ 80 ಮಿ.ಮೀ. ಜೋತುಬಿದ್ದಿದೆ ಅಂದುಕೊಳ್ಳಿ. ಕಾರು ಇಳಿಸಿದ ಗಳಿಗೆಯಿಂದ ಆ ರಬ್ಬರು 11 ಡಿಗ್ರಿಗೂ ಮೀರಿ ತಿರುಚಿಕೊಂಡೇ ಇರುತ್ತದೆ. ಪಾರ್ಕಿಂಗಿನಲ್ಲಿ, ಸಿಗ್ನಲ್ಲಿನಲ್ಲಿ, ರಾತ್ರಿ ನೀವು ಮಲಗಿದಾಗಲೂ. ಪ್ರತಿ ಹಂಪೂ ಅದರ ಮೇಲೆ ಇನ್ನಷ್ಟು ತಿರುಚುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಬುಷ್ ಕೆಲವೇ ತಿಂಗಳಲ್ಲಿ ಹರಿದು ಬರುತ್ತದೆ. ಆಗ ಎಲ್ಲರೂ ಸೇರಿ ಬಯ್ಯುವುದು ಯಾರನ್ನು? ರಬ್ಬರನ್ನು. “ನೋಡಿ ಸಾರ್, ಅದಕ್ಕೇ ಪಾಲಿ ಹಾಕ್ಸಿ ಅಂದಿದ್ದು.” ಪಾಲಿ ಅಂಟಿರುವುದಿಲ್ಲ, ಕೊಳವೆಯ ಮೇಲೆ ಜಾರುತ್ತದೆ, ಆದ್ದರಿಂದ ಹೇಗೆ ಬಿಗಿದರೂ ನಡೆಯುತ್ತದೆ. ಕೆಲಸ ಗೊತ್ತಿಲ್ಲದವನನ್ನೂ ಅದು ಕಾಪಾಡುತ್ತದೆ, ನಿಜ. ಇದೂ ಒಂದು ಗುಣವೇ?

ಹಳೇ ಫಿಯಟ್ ಮೇಸ್ತ್ರಿಗಳಿಗೆ ಈ ಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಪದ್ಮಿನಿಯ ಷಾಕಲ್ ಬುಷ್ ಅವರ ಕೈಯಲ್ಲಿ ಸುಖವಾಗಿತ್ತು. ಕಾರಣ ಅವರ ಪಿಟ್ಟು. ಚಾಮರಾಜಪೇಟೆಯ ಕಡೆ ಮನೆ ಮಗ್ಗುಲಿನ ಷೆಡ್ಡುಗಳಲ್ಲಿ ನೆಲಕ್ಕೆ ಗುಂಡಿ ತೋಡಿ, ಅದರ ಮೇಲೆ ಹಲಗೆ ಹಾಸಿ ಕಾರು ನಿಲ್ಲಿಸುತ್ತಿದ್ದರು. ಮೇಸ್ತ್ರಿ ಗುಂಡಿಗೆ ಇಳಿಯುತ್ತಿದ್ದ, ಕಾರು ತನ್ನ ಕಾಲ ಮೇಲೇ ನಿಂತಿರುತ್ತಿತ್ತು. ಕೊನೆಯ ಸುತ್ತು ಬಿಗಿಯುವ ಹೊತ್ತಿಗೆ ಕಾರಿನ ಭಾರವೆಲ್ಲ ಚಕ್ರದ ಮೇಲಿದ್ದುದರಿಂದ ಬುಷ್ ತಾನಾಗಿಯೇ ಸರಿಯಾದ ಕೋನದಲ್ಲಿ ಕೂರುತ್ತಿತ್ತು. ಲಿಫ್ಟ್ ಬಂತು, ಬೆನ್ನುನೋವು ಹೋಯಿತು, ಜೊತೆಗೆ ಇದೂ ಹೋಯಿತು. ಲಿಫ್ಟೇ ಬೇಕೆಂದರೂ ಉಪಾಯವಿದೆ. ಬಿಚ್ಚುವ ಮುಂಚೆ, ಕಾರು ನೆಲದ ಮೇಲಿದ್ದಾಗ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಟೇಪ್ ಹಿಡಿದು ಅಳತೆಯನ್ನು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆದುಕೊಳ್ಳಿ. ಜೋಡಿಸಿದ ಮೇಲೆ ಹಬ್ಬಿನ ಕೆಳಗೆ ಜಾಕ್ ಕೊಟ್ಟು ಅದೇ ಅಳತೆ ಬರುವ ತನಕ ಎತ್ತಿ, ಆಮೇಲೆ ಬಿಗಿಯಿರಿ. ಲಿಫ್ಟಿನ ತೋಳಿನಿಂದ ಬಾಡಿ ಏಳದಂತೆ ಒಬ್ಬ ಕಣ್ಣಿಟ್ಟಿರಬೇಕು. ಒತ್ತಿ ಕೂರಿಸುವಾಗ ಎಂಜಿನ್ ಆಯಿಲ್ ಸವರಬಾರದು, ರಬ್ಬರು ಉಬ್ಬುತ್ತದೆ. ಸೋಪಿನ ನೀರು ಸಾಕು.

ಇದಾದ ಮೇಲೆ ಅಲೈನ್‌ಮೆಂಟ್. ಬುಷ್ ಬದಲಾದರೆ ಹಿಂದಿನ ಟೋ ಬದಲಾಗಿಯೇ ಆಗುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಹಿಂದಿನ ಎರಡೂ ಚಕ್ರ ಕೆಂಪು ತೋರಿಸುತ್ತಿರುತ್ತವೆ, ಹುಡುಗ “ಹಿಂದೆ ಅಡ್ಜಸ್ಟ್‌ಮೆಂಟ್ ಬರಲ್ಲ ಸಾರ್, ಫ್ರಂಟ್ ಮಾತ್ರ” ಅನ್ನುತ್ತಾನೆ. ತೊಲೆಯ ಕಾರುಗಳನ್ನೇ ನೋಡಿ ಬೆಳೆದ ಮಗು, ಅವನ ತಪ್ಪಲ್ಲ. ಆದರೆ ಕ್ಯಾಮ್ ಬೋಲ್ಟನ್ನು ಬೆರಳಿಟ್ಟು ತೋರಿಸಿದ ಮೇಲೂ “ಅದು ಜಾಮ್ ಆಗಿರತ್ತೆ ಸಾರ್” ಎಂದು ನೋಡದೆಯೇ ಹೇಳುವುದಿದೆಯಲ್ಲ, ಅಲ್ಲಿ ನನ್ನ ತಾಳ್ಮೆ ಮುಗಿಯುತ್ತದೆ. ಜಾಮ್ ಆಗಿರುತ್ತದೆ ಹೌದು, ಯಾರೂ ಮುಟ್ಟದಿದ್ದರೆ ಬೋಲ್ಟು ಕೊಳವೆಯೊಳಗೆ ತುಕ್ಕು ಹಿಡಿದು ಕೂರದೆ ಇನ್ನೇನು ಮಾಡುತ್ತದೆ? ಎರಡು ದಿನ ಮೊದಲೇ ಆಯಿಲ್ ಬಿಟ್ಟು ನೆನೆಸಿಕೊಂಡು ನಾನೇ ಸಡಿಲಿಸಿ ಒಯ್ಯುತ್ತೇನೆ. ಆಗಲೂ ಬಿಲ್ಲಿನಲ್ಲಿ ಫ್ರಂಟ್ ಅಲೈನ್‌ಮೆಂಟ್ ಎಂದೇ ಬರೆಯುತ್ತಾರೆ.

ಹೊಸ ಬುಷ್ಷುಗಳೀಗ ನಮ್ಮ ಫ್ರೀಜರಿನಲ್ಲಿ, ಅವರೇಕಾಳಿನ ಪೊಟ್ಟಣದ ಪಕ್ಕದಲ್ಲಿವೆ. ತಣ್ಣಗಾದರೆ ಉಕ್ಕಿನ ಬಳೆ ಕೊಂಚ ಕುಗ್ಗಿ ಸಲೀಸಾಗಿ ಒಳಗೆ ಹೋಗುತ್ತದೆ. ಮನೆಯಲ್ಲಿ ಇದಕ್ಕೆ ಆಕ್ಷೇಪಣೆ ಇದೆ. ಮೇಸ್ತ್ರಿ ಶನಿವಾರ ಬಾ ಅಂದಿದ್ದಾರೆ. ಕೊನೆಯ ಬಿಗಿತದ ಹೊತ್ತಿಗೆ ನಾನೇ ಟೇಪ್ ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ ಅಂದೆ. “ನಿಂತ್ಕೊಳಿ ಸಾರ್, ಆದ್ರೆ ಲೇಬರ್ ಜಾಸ್ತಿ ಆಗತ್ತೆ” ಅಂದರು.