ಲ್ಯಾಪ್‌ಟಾಪಿಗೆ ಜಗುಲಿ ದೊಡ್ಡದು ಮಾಡಿಸಿದ್ದು

ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಎರಡನೇ ಔಷಧಿಗೆ ಬರ್ತೀನಿ ಅಂದ ಕೊನೆಗಾರ ಫೋನ್ ಎತ್ತುತ್ತಿಲ್ಲ. ಎತ್ತಿದರೂ ಈ ಮಳೆಯಲ್ಲಿ ಮರ ಹತ್ತಿಸೋ ಹಾಗಿಲ್ಲ. ಮೈಲುತುತ್ತ, ಸುಣ್ಣ ಎರಡೂ ತಂದಿಟ್ಟುಕೊಂಡು ಆಕಾಶ ನೋಡ್ತಾ ಕೂತಿದ್ದೇನೆ. ಹೋದ ವಾರ ಸೊಸೈಟಿಯಲ್ಲಿ ಸಿಕ್ಕ ಇಬ್ಬರು ಒಂದೇ ಮಾತು ಕೇಳಿದರು: "ಆ ಹಳೇ ಲ್ಯಾಪ್‌ಟಾಪಲ್ಲೇ ಇನ್ನೂ ಮಳೆ ಲೆಕ್ಕ ಇಡ್ತಿದೀರಾ? ನಮ್ಮದು ಆನ್ ಮಾಡಿ ಕೊಟ್ಟಿಗೆ ಕೆಲಸ ಮುಗಿಸಿ ಬಂದರೂ ಎದ್ದಿರಲ್ಲ." ಹೌದು, ಅದರಲ್ಲೇ. ಹೇಗೆ ಅನ್ನೋದನ್ನು ಇವತ್ತು ಬರೆದು ಮುಗಿಸುತ್ತೇನೆ.

ಅದು 2018ರಲ್ಲಿ ಮಗಳು ಡಿಗ್ರಿ ಸೇರಿದಾಗ ತಗೊಂಡಿದ್ದು. ಅವಳು ಕೆಲಸಕ್ಕೆ ಹೋದ ಮೇಲೆ ಮನೆಗೆ ಬಂತು. ಈಗ ಅದರಲ್ಲಿ ಇರೋದು ತೋಟದ ಖರ್ಚು, ಆಳಿನ ಲೆಕ್ಕ, ಎಲೆಚುಕ್ಕಿ ರೋಗದ ಫೋಟೋಗಳು, ಮತ್ತೆ ಅಪ್ಪನ ಮಳೆ ಪುಸ್ತಕ. ನಮ್ಮಪ್ಪ 1991ರಿಂದ 2019ರವರೆಗೆ ದಿನಾ ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ ಬರೆದಿಟ್ಟವರು. ವರ್ಷಕ್ಕೊಂದರಂತೆ 29 ನೋಟ್‌ಬುಕ್. 2020ರ ಲಾಕ್‌ಡೌನ್‌ನಲ್ಲಿ ನನ್ನ ಹೆಂಡತಿ ಒಂದೊಂದೇ ದಿನದ್ದನ್ನು ಎಕ್ಸೆಲ್‌ಗೆ ಹಾಕಿದಳು. ಆಮೇಲೆ ಎರಡು ವರ್ಷಕ್ಕೆ ಅಟ್ಟದ ಪೆಟ್ಟಿಗೆ ತೆಗೆದರೆ ನೋಟ್‌ಬುಕ್ಕಿಗೆಲ್ಲ ಗೆದ್ದಲು. ಅಂದರೆ ಅಪ್ಪನ ಮಳೆ ಉಳಿದಿದ್ದು ಈ ಲ್ಯಾಪ್‌ಟಾಪಲ್ಲಿ ಮಾತ್ರ. ಇದನ್ನ ಮೊದಲೇ ಹೇಳಿಬಿಟ್ಟೆ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹೋದ ವರ್ಷ ಜೂನ್ ಹೊತ್ತಿಗೆ ಅದು ಪೂರ್ತಿ ಸತ್ತ ಎತ್ತಿನ ಹಾಗೆ ಆಗಿತ್ತು. ಪಹಣಿ ನೋಡೋಕೆ ಕ್ರೋಮ್ ತೆಗೆದಿದ್ದರೆ ಎಕ್ಸೆಲ್ ತೆರೆಯಲ್ಲ. ಎಕ್ಸೆಲ್ ತೆರೆದಿದ್ದರೆ ಫೋಟೋ ಬರಲ್ಲ. ಒಂದು ಸಂಜೆ ಹೆಂಡತಿ ಹದಿನೈದು ದಿನದ ಆಳಿನ ಲೆಕ್ಕ ಹಾಕಿ ಮುಗಿಸೋ ಹೊತ್ತಿಗೆ ನಿಂತೇ ಹೋಯ್ತು. ಬಂದ್ ಮಾಡಿ ಆನ್ ಮಾಡಿದರೆ ಹಾಕಿದ್ದೆಲ್ಲ ಇಲ್ಲ. "ಮಾರಾಯ್ರೆ, ಇದನ್ನ ತಗೊಂಡೋಗಿ ಕೆರೆಗೆ ಹಾಕಿ" ಅಂದಳು.

ಪೇಟೆಯ ಅಂಗಡಿಗೆ ಒಯ್ದೆ. ಆ ಹುಡುಗ ಮುಚ್ಚಳವನ್ನೂ ಬಿಚ್ಚಲಿಲ್ಲ. "ಏಳು ವರ್ಷ ಆಯ್ತಲ್ಲ ಸಾರ್, ಇದು ಮುಗೀತು. ಹೊಸದು 45 ಸಾವಿರದಿಂದ ಶುರು." ಮೊದಲನೇ ಔಷಧಿಯ ತಿಂಗಳು ಅದು. ಮೈಲುತುತ್ತ, ಕೊನೆಗಾರನ ಸಂಬಳ, ದೋಟಿ ರಿಪೇರಿ ಎಲ್ಲ ಒಟ್ಟಿಗೆ ಬಂದಿತ್ತು. ಎಲೆಚುಕ್ಕಿ ಬಂದ ಭಾಗದಲ್ಲಿ ಫಸಲೂ ಕಮ್ಮಿ. 45 ಸಾವಿರ ಎಲ್ಲಿಂದ ತರೋದು? ಲ್ಯಾಪ್‌ಟಾಪ್ ತಗೊಂಡರೆ ಕೆಳಗಿನ ತೋಟಕ್ಕೆ ಔಷಧಿ ಇಲ್ಲ, ಅಷ್ಟೇ ಲೆಕ್ಕ.

ರಾತ್ರಿ ಬೆಂಗಳೂರಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಮಾವ, ಹೊಸದು ಆಮೇಲೆ. ಮೊದಲು ಏನು ತುಂಬಿದೆ ಅಂತ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ" ಅಂದ. ಟಾಸ್ಕ್ ಮ್ಯಾನೇಜರ್ ಅನ್ನೋದು ಬಂತು. ಪ್ರೊಸೆಸರ್ 12 ಪರ್ಸೆಂಟ್, ಆರಾಮಾಗಿ ಕೂತಿದೆ. ಮೆಮೊರಿ 94, ಡಿಸ್ಕ್ 100. "ನೋಡಿದ್ರಾ, ಕೆಲಸ ಮಾಡೋನು ಖಾಲಿ ಕೂತಿದಾನೆ, ಅವನಿಗೆ ಜಾಗ ಇಲ್ಲ."

ನಾನು ಅಲ್ಲಿವರೆಗೆ ಮೆಮೊರಿ ಅಂದರೆ ಫೋಟೋ ತುಂಬಿಡೋ ಜಾಗ ಅಂತಲೇ ತಿಳಿದಿದ್ದೆ. ಆ ತಪ್ಪು ತಿಳಿವಳಿಕೆಯಲ್ಲಿ, ಲ್ಯಾಪ್‌ಟಾಪ್ ಹಗುರ ಆಗಲಿ ಅಂತ 2022ರಲ್ಲಿ ತೆಗೆದ ಎಲೆಚುಕ್ಕಿಯ ಮೊದಲ ಫೋಟೋಗಳನ್ನೆಲ್ಲ ಅಳಿಸಿಬಿಟ್ಟಿದ್ದೆ. ಯಾವ ಮರಕ್ಕೆ ಮೊದಲು ಬಂತು ಅಂತ ತೋರಿಸೋಕೆ ಇದ್ದಿದ್ದೇ ಅದು. ಒಂದಿಷ್ಟೂ ಉಪಯೋಗ ಆಗಲಿಲ್ಲ. ಹಾರ್ಡ್ ಡಿಸ್ಕ್ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ನಮ್ಮ ಕಡೆ ಲೆಕ್ಕದಲ್ಲಿ ಹೇಳೋದಾದರೆ ಹೀಗೆ. ಹಾರ್ಡ್ ಡಿಸ್ಕ್ ಅಂದರೆ ಹಿಂದಿನ ಶೆಡ್ಡು, ಕೊಯ್ದ ಕೊನೆ ರಾಶಿ ಹಾಕೋ ಜಾಗ. ರ‍್ಯಾಮ್ ಅಂದರೆ ಜಗುಲಿ, ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯೋರು ಕೂರೋ ಜಾಗ. ಪ್ರೊಸೆಸರ್ ಸುಲಿಯೋ ಕೈ. ಜಗುಲಿ ನಾಲ್ಕು ಜನಕ್ಕೆ ಸಾಲೋವಷ್ಟೇ ಇದ್ದು ಹತ್ತು ಜನ ಬಂದರೆ? ಒಬ್ಬರ ರಾಶಿ ಶೆಡ್ಡಿಗೆ ವಾಪಸ್ ಹೊರಬೇಕು, ಇನ್ನೊಬ್ಬರದ್ದು ತರಬೇಕು, ಮತ್ತೆ ಅವರದ್ದು ಹೊತ್ತು ಇವರದ್ದು ತರಬೇಕು. ದಿನ ಪೂರ್ತಿ ಹೊರೋದೇ ಆಯ್ತು, ಸುಲಿದಿದ್ದು ಏನೂ ಇಲ್ಲ. ಡಿಸ್ಕ್ 100 ತೋರಿಸ್ತಿದ್ದದ್ದು ಈ ಹೊರೋ ಕೆಲಸ. ವಿಂಡೋಸ್ ಇದಕ್ಕೆಂದೇ ಡಿಸ್ಕಲ್ಲಿ ಪೇಜ್ ಫೈಲ್ ಅಂತ ಇಟ್ಟುಕೊಂಡಿರುತ್ತೆ. ನಮ್ಮ ಜಗುಲಿ 4 ಜಿಬಿ. ಅದರಲ್ಲೂ ಪರದೆಗೆ ಚಿತ್ರ ತೋರಿಸೋಕೆ ಅಂತ ಒಂದು ಪಾಲು ಹೋಗುತ್ತೆ. ಉಳಿದಿದ್ದರಲ್ಲಿ ವಿಂಡೋಸ್ 10 ಅರ್ಧ ಜಾಗದಲ್ಲಿ ಕಾಲು ಚಾಚಿಕೊಂಡು ಮಲಗಿರುತ್ತೆ.

ಅದೇ ಟಾಸ್ಕ್ ಮ್ಯಾನೇಜರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ ಒತ್ತಿದರೆ ಕೆಳಗೆ 'ಸ್ಲಾಟ್ಸ್ ಯೂಸ್ಡ್' ಅಂತ ಒಂದು ಸಾಲು. ನಮ್ಮದರಲ್ಲಿ ಎರಡರಲ್ಲಿ ಒಂದು ಅಂತಿತ್ತು. ಅಂದರೆ ಇನ್ನೊಂದು ಗೂಡು ಖಾಲಿ. ನಮ್ಮ ಅದೃಷ್ಟ ಅನ್ನಿ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಗೂಡೇ ಇರಲ್ಲ. ಅಂಥದ್ದಕ್ಕೆ ಏನೂ ಮಾಡೋಕಾಗಲ್ಲ. ಹಾಗಾಗಿ ಬಿಚ್ಚೋಕೆ ಮುಂಚೆ ನಿಮ್ಮ ಮಾಡೆಲ್ ನಂಬರ್ ಹಾಕಿ ಕಂಪನಿಯ ಮ್ಯಾನ್ಯುಯಲ್ ನೋಡಿ. ಸಿಸ್ಟಮ್ ಟೈಪ್ 64 ಬಿಟ್ ಇದೆಯಾ ಅಂತಲೂ ನೋಡಿಕೊಳ್ಳಿ. 32 ಬಿಟ್ ವಿಂಡೋಸ್ ಆದರೆ 4 ಜಿಬಿ ಮೇಲೆ ಎಷ್ಟು ಹಾಕಿದರೂ ಅದಕ್ಕೆ ಕಾಣಲ್ಲ.

ಇಷ್ಟೆಲ್ಲ ತಿಳಿದೂ ಮೊದಲನೇ ಸಲ ತಪ್ಪೇ ತಂದೆ. ಪೇಟೆಗೆ ಹೋಗಿ "8 ಜಿಬಿ ಲ್ಯಾಪ್‌ಟಾಪ್ ರ‍್ಯಾಮ್ ಕೊಡಿ" ಅಂದೆ. ಒಬ್ಬರು ಹಳೇದೊಂದು 600 ರೂಪಾಯಿಗೆ ಕೊಟ್ಟರು. ಮನೆಗೆ ಬಂದು ಹಿಡಿದರೆ ಕೂರುತ್ತಲೇ ಇಲ್ಲ. ಅದು ಡಿಡಿಆರ್ 3, ನಮ್ಮದಕ್ಕೆ ಬೇಕಿದ್ದದ್ದು ಡಿಡಿಆರ್ 4. ನೋಡೋಕೆ ಅಕ್ಕ ತಂಗಿ ಇದ್ದ ಹಾಗೆ, ಉದ್ದವೂ ಹೆಚ್ಚು ಕಮ್ಮಿ ಒಂದೇ. ಆದರೆ ಚಿನ್ನದ ಬಣ್ಣದ ಪಿನ್ನುಗಳ ನಡುವೆ ಒಂದು ಕಚ್ಚು ಇರುತ್ತಲ್ಲ, ಅದರ ಜಾಗ ಬೇರೆ. ಡಿಡಿಆರ್ 3ಕ್ಕೆ 204 ಪಿನ್, ಡಿಡಿಆರ್ 4ಕ್ಕೆ 260. ಕುಡಿಯೋ ಕರೆಂಟೂ ಬೇರೆ: ಒಂದಕ್ಕೆ 1.5 ಅಥವಾ 1.35 ವೋಲ್ಟ್, ಇನ್ನೊಂದಕ್ಕೆ 1.2. ತಪ್ಪು ಹಾಕಿ ಸುಟ್ಟುಕೊಳ್ಳಬಾರದು ಅಂತಲೇ ಕಚ್ಚು ಬೇರೆ ಮಾಡಿದ್ದಾರೆ. ನಾನು ಮಾತ್ರ ಸ್ವಲ್ಪ ಒತ್ತಿದರೆ ಕೂರುತ್ತೇನೋ ಅಂತ ಎರಡು ಸಲ ಒತ್ತಿದ್ದು ನಿಜ. ಗೂಡು ಮುರಿಯಲಿಲ್ಲ, ಪುಣ್ಯ. ವಾಪಸ್ ಒಯ್ದರೆ "ಒಮ್ಮೆ ಕೊಟ್ಟದ್ದು ತಗೊಳ್ಳಲ್ಲ" ಅಂದರು.

ಆಮೇಲೆ ಒಳಗಿದ್ದ ಹಳೇ ಕಡ್ಡಿಯ ಮೇಲಿನ ಚೀಟಿಯ ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ. ಅದರಲ್ಲಿ ಎಲ್ಲ ಬರೆದಿರುತ್ತೆ. ಡಿಡಿಆರ್ 4, ಎಸ್‌ಒಡಿಮ್, 2400. ಅವನು 8 ಜಿಬಿಯದ್ದು ಹೊಸದು ಕೊರಿಯರ್ ಮಾಡಿಸಿದ, 1,850 ರೂಪಾಯಿ. ಅದರ ಮೇಲೆ 2666 ಅಂತಿತ್ತು. ಪರವಾಗಿಲ್ಲವಂತೆ, ಜೋರಾಗಿ ಓಡೋದು ನಿಧಾನದ್ದರ ಜೊತೆ ಹೆಜ್ಜೆ ಹಾಕುತ್ತೆ. ಜೋಡಿ ಎತ್ತಿನ ಲೆಕ್ಕ.

ಹಾಕಿದ ದಿನದ್ದು ಹೇಳಬೇಕು. ಚಾರ್ಜರ್ ತೆಗೆದೆ, ಬಂದ್ ಮಾಡಿ ಪವರ್ ಬಟನ್ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿದೆ. ತಳದ ಹತ್ತು ಸ್ಕ್ರೂ ಬಿಚ್ಚಿ ಒಂದು ಕಾಗದದ ಮೇಲೆ ಅವು ಇದ್ದ ಜಾಗದ ಹಾಗೆಯೇ ಇಟ್ಟೆ. ಉದ್ದ ಗಿಡ್ಡ ಬೇರೆ ಬೇರೆ ಇರುತ್ತೆ, ಕಲಸಿದರೆ ಕೆಟ್ಟಿರಿ. ಮುಚ್ಚಳ ಎಬ್ಬಿಸೋಕೆ ಹಳೇ ಎಟಿಎಂ ಕಾರ್ಡ್. ಆದರೂ ಒಂದು ಕೊಕ್ಕೆ ಮುರಿಯಿತು. ಒಳಗಿನ ಬ್ಯಾಟರಿಯ ವೈರ್ ಕಳಚಿದೆ. ಮುಟ್ಟೋಕೆ ಮುಂಚೆ ಕಬ್ಬಿಣದ ಕಿಟಕಿ ಸರಳು ಹಿಡಿದುಕೊಂಡೆ. ಮೈಯಲ್ಲಿರೋ ಸ್ಟ್ಯಾಟಿಕ್ ಕರೆಂಟ್ ಇಂಥ ಚಿಪ್ಪಿಗೆ ಆಗಲ್ಲ. ಮಳೆಗಾಲದ ಥಂಡಿಯಲ್ಲಿ ಅದು ಕಮ್ಮಿ. ಡಿಸೆಂಬರಲ್ಲಿ ಕಂಬಳಿ ಹೊದ್ದುಕೊಂಡು ಮಾತ್ರ ಈ ಕೆಲಸಕ್ಕೆ ಕೂರಬೇಡಿ.

ಕಡ್ಡಿ ಇಟ್ಟು ಒತ್ತಿದೆ, ಮುಚ್ಚಿದೆ, ಆನ್ ಮಾಡಿದೆ. ದೀಪ ಹತ್ತಿತು. ಪರದೆ ಕಪ್ಪು. ಐದು ನಿಮಿಷ ಆಯ್ತು, ಹತ್ತಾಯ್ತು, ಕಪ್ಪೇ. ಹೆಂಡತಿ ಒಳಗಿಂದ ಬಂದು ನನ್ನ ಮುಖ ನೋಡಿದಳು. ಲ್ಯಾಪ್‌ಟಾಪ್ ಬಗ್ಗೆ ಕೇಳಲಿಲ್ಲ. "ಮಾವನೋರ ಮಳೆ ಪುಸ್ತಕ ಬೇರೆ ಎಲ್ಲಾದರೂ ಹಾಕಿಟ್ಟಿದೀರಾ?" ಅಂದಳು. ಇಲ್ಲ. ಐದು ವರ್ಷದಲ್ಲಿ ಒಂದು ಪೆನ್ ಡ್ರೈವ್‌ಗೂ ಹಾಕಿರಲಿಲ್ಲ. ಗೆದ್ದಲು ಹಿಡಿದ ಮೇಲೂ ಬುದ್ಧಿ ಬಂದಿರಲಿಲ್ಲ. 1994ರ ಜುಲೈಯಲ್ಲಿ ಸೇತುವೆ ಮುಳುಗಿದ ದಿನ ಎಷ್ಟು ಮಳೆ ಅಂತ ಅಪ್ಪ ಕೆಂಪು ಶಾಯಿಯಲ್ಲಿ ಬರೆದಿದ್ದರು. ಆ ಸಂಖ್ಯೆ ನನಗೆ ಬಾಯಿಗೆ ಬರಲಿಲ್ಲ. ಅವತ್ತು ಕೈ ನಡುಗಿದ್ದು ಸುಳ್ಳಲ್ಲ.

ಫೋನ್ ಮಾಡಿದರೆ ಅಳಿಯ ನಕ್ಕ. "ಮಾವ, ರ‍್ಯಾಮಲ್ಲಿ ಏನೂ ಉಳಿಯಲ್ಲ, ಕರೆಂಟ್ ಹೋದರೆ ಅದು ಖಾಲಿ. ಅಜ್ಜನ ಫೈಲ್ ಇರೋದು ಹಾರ್ಡ್ ಡಿಸ್ಕಲ್ಲಿ, ಅದನ್ನ ನೀವು ಮುಟ್ಟೇ ಇಲ್ಲ. ಕಡ್ಡಿ ಸರಿಯಾಗಿ ಕೂತಿಲ್ಲ ಅಷ್ಟೆ." ಮತ್ತೆ ಬಿಚ್ಚಿದೆ. ಹೌದು, ಚಿನ್ನದ ಬಣ್ಣದ ಅಂಚು ಅರ್ಧ ಹೊರಗೇ ಕಾಣುತ್ತಿತ್ತು. ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಆ ಅಂಚು ಪೂರ್ತಿ ಒಳಗೆ ಹೋಗೋವರೆಗೆ ತಳ್ಳಬೇಕು, ಆಮೇಲೆ ಕೆಳಗೆ ಒತ್ತಿದರೆ ಎರಡೂ ಪಕ್ಕದ ಕ್ಲಿಪ್ 'ಟಕ್' ಅನ್ನಬೇಕು. ನಾನು ನೇರ ಕೆಳಗೆ ಒತ್ತಿಬಿಟ್ಟಿದ್ದೆ. ಈ ಸಲ ಆನ್ ಮಾಡಿದಾಗಲೂ ಅರ್ಧ ನಿಮಿಷ ಕಪ್ಪೇ ಇತ್ತು. ಹೊಸ ಮೆಮೊರಿಯನ್ನು ಅದು ಗುರುತು ಹಿಡಿದು ಹೊಂದಿಸಿಕೊಳ್ಳೋ ಹೊತ್ತಂತೆ. ಆಮೇಲೆ ಕಂಪನಿಯ ಗುರುತು ಬಂತು. ಮೆಮೊರಿ 12 ಜಿಬಿ. ಎಕ್ಸೆಲ್, ಕ್ರೋಮ್, ಫೋಟೋ ಎಲ್ಲ ತೆರೆದರೂ ತುಂಬಿದ್ದು 40 ಪರ್ಸೆಂಟ್. ಮೊದಲು ಮಾಡಿದ ಕೆಲಸ, ಮಳೆ ಫೈಲನ್ನು ಎರಡು ಪೆನ್ ಡ್ರೈವ್‌ಗೆ ಹಾಕಿ ಒಂದನ್ನು ಅಕ್ಕನ ಮನೆಗೆ ಕಳಿಸಿದ್ದು. ಕೆಂಪು ಶಾಯಿಯ ದಿನವನ್ನೂ ಹುಡುಕಿ ನೋಡಿದೆ, ಇತ್ತು. ರಾತ್ರಿ ವಿಂಡೋಸಲ್ಲೇ ಇರೋ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿದೆ. ದೋಷ ಏನೂ ತೋರಿಸಲಿಲ್ಲ.

ಎಲ್ಲ ಸರಿಹೋಯ್ತು ಅಂತ ಹೇಳಿ ನಿಮ್ಮನ್ನ ಏಮಾರಿಸಲ್ಲ. ಆನ್ ಆಗೋಕೆ ತಗೊಳ್ಳೋ ಹೊತ್ತು ಅಷ್ಟೇನೂ ಕಮ್ಮಿ ಆಗಲಿಲ್ಲ. ಅದು ತಿರುಗೋ ಹಾರ್ಡ್ ಡಿಸ್ಕಿನ ತೊಂದರೆ. ಅಡಿಕೆ ಕೊಟ್ಟ ಮೇಲೆ ಎಸ್‌ಎಸ್‌ಡಿ ಹಾಕಿಸಿದೆ, ಈಗ ಒಂದು ನಿಮಿಷದೊಳಗೆ ಏಳುತ್ತೆ. ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ ಖಾಲಿ ಇದ್ದು ಡಿಸ್ಕ್ ಮಾತ್ರ 100 ತೋರಿಸ್ತಿದ್ದರೆ ನಿಮಗೆ ರ‍್ಯಾಮ್ ಬೇಡವೇ ಬೇಡ, ಎಸ್‌ಎಸ್‌ಡಿಗೇ ದುಡ್ಡು ಹಾಕಿ. ಇನ್ನೊಂದು, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಬ್ಯಾಂಕಿನ ವ್ಯವಹಾರ ಅದರಲ್ಲಿ ಮಾಡಲ್ಲ. ಲೆಕ್ಕ, ಫೋಟೋ, ಮಳೆ, ಇಷ್ಟಕ್ಕೆ ಸಾಕು.

ರೇಟಿನ ವಿಷಯದಲ್ಲಿ ಮಾತ್ರ ನನ್ನ 1,850ನ್ನು ನಂಬಿಕೊಂಡು ಪೇಟೆಗೆ ಹೋಗಬೇಡಿ. ಹೋದ ವರ್ಷದ ಕೊನೆಯಿಂದ ಮೆಮೊರಿ ಬೆಲೆ ಸಿಕ್ಕಾಪಟ್ಟೆ ಏರಿದೆ. ಈ ಎಐಗೆ ಕಟ್ತಿರೋ ಡೇಟಾ ಸೆಂಟರುಗಳಿಗೆ ರಾಶಿ ರಾಶಿ ಬೇಕಂತೆ. ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಜಗತ್ತಿಗೆ ಹೆಚ್ಚಿನ ಮೆಮೊರಿ ಮಾಡೋರು ಈ ಮೂವರೇ, ಅವರ ಕಣ್ಣೆಲ್ಲ ಅತ್ತ. ಎಲ್ಲೋ ಯಾರೋ ಖರೀದಿಗೆ ನಿಂತರೆ ಇಲ್ಲಿ ರೇಟು ಕುಣಿಯೋದು ಅಡಿಕೆಯವರಿಗೆ ಹೊಸದಲ್ಲ. ಹಳೇದು ಸಿಕ್ಕರೆ ತಗೊಳ್ಳಬಹುದು, ಆದರೆ ಅಂಗಡಿಯಲ್ಲೇ ನಿಮ್ಮ ಲ್ಯಾಪ್‌ಟಾಪಿಗೆ ಹಾಕಿಸಿ, ಎದ್ದದ್ದು ನೋಡಿ ದುಡ್ಡು ಕೊಡಿ. ವಾರಂಟಿ ಇರೋದಾದರೆ ನೀವೇ ಬಿಚ್ಚಬೇಡಿ, ಕಂಪನಿಯವರನ್ನ ಒಂದು ಮಾತು ಕೇಳಿ.

ಆ 600 ರೂಪಾಯಿಯ ಡಿಡಿಆರ್ 3 ಕಡ್ಡಿ ನಮ್ಮ ಮೇಜಿನ ಡ್ರಾಯರಲ್ಲಿ ಹಾಗೇ ಇದೆ. 8 ಜಿಬಿ, ಚೀಟಿಯ ಮೇಲೆ ಪಿಸಿ3ಎಲ್ ಅಂತಿದೆ, ಅಂದರೆ 1.35 ವೋಲ್ಟಿನದ್ದು. 2013, 14ರ ಸುಮಾರಿನ ಲ್ಯಾಪ್‌ಟಾಪ್ ಯಾರ ಮನೆಯಲ್ಲಾದರೂ ಇದ್ದು, ಚೀಟಿ ಹೊಂದಿದರೆ ಬಂದು ತಗೊಂಡು ಹೋಗಿ. ದುಡ್ಡು ಬೇಡ. ಬರೋವಾಗ ದಾರಿಯಲ್ಲಿ ಕೊನೆಗಾರ ಸಿಕ್ಕರೆ ಕರ್ಕೊಂಡು ಬನ್ನಿ.